ಕಾವೇರಿಗೆ ವಾಸಿಯಾಯಿತು, ಮನೆಗೆ ಆಗಲಿಲ್ಲ

ಪಠ್ಯಪುಸ್ತಕ ಮನೋರೋಗದ ಲಕ್ಷಣ ಹೇಳಿ ಮುಗಿಸುತ್ತದೆ. ಗುಣವಾದವರು ಮನೆಗೆ ಮರಳಿದ ಮೇಲಿನ ಕತೆಯನ್ನು ಹೇಳುವುದು ಕಾದಂಬರಿ. ತ್ರಿವೇಣಿಯವರ ‘ಶರಪಂಜರ’ದಿಂದ ಮಾನ್ವಿ ನೆಲದ ‘ಸವಾರಿ’ಯವರೆಗೆ, ಕನ್ನಡದ ಕಥನಸಾಹಿತ್ಯ ರಾಯಚೂರು ಸೀಮೆಯ ಮನೋವಿಜ್ಞಾನ ತರಗತಿಗೆ ಏಕೆ ಬೇಕು?

ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿದು, ಇನ್ನು ಗುಣವಾಗಿದೆ ಎಂದು ವೈದ್ಯರು ಹೇಳಿ ಕಳಿಸಿದ ಹೆಂಗಸೊಬ್ಬಳು ತನ್ನ ಮನೆಯ ಹೊಸ್ತಿಲು ದಾಟುತ್ತಾಳೆ. ಮನೆ ಅದೇ, ಗಂಡನೂ ಅವನೇ, ಮಕ್ಕಳೂ ಅವಳವೇ; ಆದರೂ ಅವಳು ನಕ್ಕರೆ ಏಕೆ ನಕ್ಕಳೆಂದು, ಸುಮ್ಮನೆ ಕೂತರೆ ಏಕೆ ಸುಮ್ಮನಾದಳೆಂದು, ಎಲ್ಲರಂತೆ ಒಮ್ಮೆ ಸಿಡುಕಿದರೆ ಮತ್ತೆ ಶುರುವಾಯಿತೆಂದು ಸುತ್ತಲಿನ ಕಣ್ಣುಗಳು ಅವಳನ್ನು ಅಳೆಯತೊಡಗುತ್ತವೆ.

ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯ ಕತೆ ಓದುಗರನ್ನು ಹಿಂಡುವುದು ಇಲ್ಲಿಂದ ಮುಂದೆ. ಹೆರಿಗೆಯ ನಂತರ ಬಂದ ಮನೋರೋಗ ಚಿಕಿತ್ಸೆಗೆ ಬಗ್ಗಿ ಹೋಗುತ್ತದೆ. ರೋಗ ಹೋದ ಮೇಲೆ ಉಳಿದ ಅನುಮಾನಕ್ಕೆ ಮಾತ್ರ ಯಾವ ಔಷಧವೂ ನಾಟುವುದಿಲ್ಲ. ಗಂಡ ಸತೀಶನ ಮನಸ್ಸು ಬೇರೆಡೆಗೆ ತಿರುಗುತ್ತದೆ, ನೆರೆಹೊರೆ ದೂರ ನಿಲ್ಲುತ್ತದೆ, ಕೊನೆಗೆ ಕಾವೇರಿ ಬಂದ ದಾರಿಯಲ್ಲೇ ಆಸ್ಪತ್ರೆಗೆ ಮರಳುತ್ತಾಳೆ.

ಮನೋವಿಜ್ಞಾನದ ಯಾವ ಪಠ್ಯಪುಸ್ತಕದಲ್ಲೂ ಈ ಎರಡನೆಯ ಪ್ರಯಾಣಕ್ಕೆ ಒಂದು ಅಧ್ಯಾಯವಿರುವುದಿಲ್ಲ. ರೋಗದ ಹೆಸರು, ಲಕ್ಷಣಗಳ ಪಟ್ಟಿ, ಕಾರಣಗಳು, ಚಿಕಿತ್ಸೆ ಎಂಬ ನಾಲ್ಕು ಉಪಶೀರ್ಷಿಕೆಗಳಲ್ಲಿ ಅದು ಮುಗಿಯುತ್ತದೆ. ಪರೀಕ್ಷೆಗೂ ಅಷ್ಟೇ ಸಾಕಾಗುತ್ತದೆ. ಆದರೆ ಅದನ್ನು ಓದಿದ ವಿದ್ಯಾರ್ಥಿ ಶಿಕ್ಷಕಿಯಾಗಿ, ಶುಶ್ರೂಷಕಿಯಾಗಿ, ಸೊಸೆಯಾಗಿ, ಅತ್ತೆಯಾಗಿ ಮುಂದೊಂದು ದಿನ ಎದುರಿಸುವುದು ಆ ಪಟ್ಟಿಯನ್ನಲ್ಲ, ಮನೆಗೆ ಮರಳಿದ ಕಾವೇರಿಯನ್ನು.

ಮನಶ್ಶಾಸ್ತ್ರ ಓದಿದ ಕಾದಂಬರಿಕಾರ್ತಿ

ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಒಂದು ಸ್ವತಂತ್ರ ವಿಷಯವಾಗಿ ಬೇರೂರಿದ್ದು 1924ರಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಎಂ. ವಿ. ಗೋಪಾಲಸ್ವಾಮಿಯವರ ಕೈಯಲ್ಲಿ. ದೇಶದಲ್ಲಿ ಕಲ್ಕತ್ತಾದ ನಂತರ ಇಂಥ ವಿಭಾಗ ತೆರೆದ ಎರಡನೆಯ ವಿಶ್ವವಿದ್ಯಾಲಯ ಅದು. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ನಡೆಸಿ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಳಸಿದವರು. ಮನಸ್ಸಿನ ವಿಚಾರವನ್ನು ಪ್ರಯೋಗಶಾಲೆಯ ಒಳಗೂ ಜನರ ಮಧ್ಯದಲ್ಲೂ ಇಡಬೇಕೆಂಬ ವಾತಾವರಣ ಆ ಊರಿನಲ್ಲಿ ಹೀಗೆ ಮೊದಲೇ ಹದಗೊಂಡಿತ್ತು.

1928ರ ಸೆಪ್ಟೆಂಬರ್ 1ರಂದು ಹುಟ್ಟಿದ ಅನಸೂಯಾ ಅದೇ ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ ಪದವಿ ಪಡೆದರು. ‘ತ್ರಿವೇಣಿ’ ಎಂಬ ಹೆಸರಿನಲ್ಲಿ ಬರೆದರು. ತರಗತಿಯಲ್ಲಿ ಕಲಿತದ್ದನ್ನು ಅವರು ಕಾದಂಬರಿಯಲ್ಲಿ ಪಾಠದಂತೆ ಒಪ್ಪಿಸಲಿಲ್ಲ. ಅಡುಗೆಮನೆ, ಹೆರಿಗೆಕೋಣೆ, ಗಂಡ ಕಚೇರಿಯಿಂದ ತಡವಾಗಿ ಬರುವ ಸಂಜೆ, ಅತ್ತೆಯ ಒಂದು ಮಾತು ಇವುಗಳ ಒಳಗೆ ಮನಸ್ಸು ಹೇಗೆ ನಲುಗುತ್ತದೆಂದು ತೋರಿಸಿದರು.

ಆ ಕಾಲದ ಓದುಗಿಯರು ಅವರ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿ ಓದಿದರು. ವಿಮರ್ಶಕರು ಬಹುಕಾಲ ಅವನ್ನು ಜನಪ್ರಿಯ ಸಾಹಿತ್ಯವೆಂದು ಬದಿಗಿಟ್ಟರು. ಇದು ಅನ್ಯಾಯದ ತೀರ್ಪು. ಮನೋರೋಗಿಯನ್ನು ನಗೆಪಾಟಲಿಗೂ ಹೆದರಿಕೆಗೂ ಬಳಸುತ್ತಿದ್ದ ಕಥನಲೋಕದಲ್ಲಿ ಅವಳನ್ನು ಮನೆಮಗಳಾಗಿ ಕೂರಿಸಿದ ದೊಡ್ಡ ಕೆಲಸ ತ್ರಿವೇಣಿಯವರದು.

ಅವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1966ರಲ್ಲಿ ‘ಪೂಚಕ್ಕಣ್ಣಿ’ ಎಂಬ ಮಲಯಾಳಂ ಚಿತ್ರವಾಗಿಸಿದರು. 1971ರಲ್ಲಿ ಅವರೇ ‘ಶರಪಂಜರ’ವನ್ನು ತೆರೆಗೆ ತಂದಾಗ ಕಲ್ಪನಾ ಅವರ ಅಭಿನಯದ ಮೂಲಕ ಕಾವೇರಿ ಓದು ಬಾರದವರ ಮನೆಗೂ ತಲುಪಿದಳು. ಅದನ್ನು ನೋಡಲು ತ್ರಿವೇಣಿ ಇರಲಿಲ್ಲ. ಮಗಳಿಗೆ ಜನ್ಮ ಕೊಟ್ಟ ಕೆಲವೇ ದಿನಗಳಲ್ಲಿ, 1963ರ ಜುಲೈ 29ರಂದು, 35 ತುಂಬುವ ಮೊದಲೇ ಅವರು ತೀರಿಕೊಂಡಿದ್ದರು. ಅದೇ ವರ್ಷದ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಸಿಲ್ವಿಯಾ ಪ್ಲಾತ್ ತೀರಿಕೊಂಡರು. ತನ್ನದೇ ಖಿನ್ನತೆಯನ್ನು ಆಧರಿಸಿ ಆಕೆ ಬರೆದ ‘ದಿ ಬೆಲ್ ಜಾರ್’ ಇಂದು ಅನೇಕ ದೇಶಗಳ ಮನೋವಿಜ್ಞಾನ ತರಗತಿಗಳಲ್ಲಿ ಓದುವ ಪುಸ್ತಕ.

ಪೆಟ್ಟಿಗೆ: ಬಾಣಂತಿ ಸನ್ನಿ ಎಂದರೇನು?

ಹಳ್ಳಿಗಳಲ್ಲಿ ‘ಬಾಣಂತಿ ಸನ್ನಿ’ ಎಂಬ ಒಂದೇ ಮಾತಿನೊಳಗೆ ಬೇರೆ ಬೇರೆ ಸ್ಥಿತಿಗಳು ಸೇರಿಹೋಗಿವೆ. ಹೆರಿಗೆಯಾದ ಮೊದಲ ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಅಳು, ಬೇಸರ, ಸಿಡುಕು ಬರುತ್ತವೆ. ಅವು ದಿನಗಳಲ್ಲೇ ತಾವಾಗಿ ಹೋಗುತ್ತವೆ. ವಾರಗಟ್ಟಲೆ ಉಳಿದು ಮಗುವಿನ ಮೇಲೂ ಆಸಕ್ತಿ ಕಳೆಯುವಂತೆ ಮಾಡುವುದು ಹೆರಿಗೆಯ ನಂತರದ ಖಿನ್ನತೆ. ಇವೆರಡಕ್ಕಿಂತ ತೀವ್ರವಾದದ್ದು ಹೆರಿಗೆಯ ನಂತರದ ಚಿತ್ತವಿಕಲತೆ, ಅಂದರೆ ವಾಸ್ತವದ ಅರಿವೇ ತಪ್ಪುವ ಸ್ಥಿತಿ. 1000 ಹೆರಿಗೆಗಳಲ್ಲಿ ಒಂದೆರಡರಲ್ಲಿ, ಹೆಚ್ಚಾಗಿ ಮೊದಲ 2 ವಾರಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ನಿದ್ದೆ ಪೂರ್ತಿ ಹೋಗುವುದು, ಇಲ್ಲದ ದನಿ ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ ಹುಟ್ಟುವುದು ಇದರ ಲಕ್ಷಣ. ಇದು ತುರ್ತುಸ್ಥಿತಿ, ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ರೋಗವಾದರೂ ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಂಭವ ಹೆಚ್ಚಿರುವುದರಿಂದ ವೈದ್ಯರಿಗೆ ಮೊದಲೇ ತಿಳಿಸಿರಬೇಕು.

ಯಾಪಲದಿನ್ನಿಯಿಂದ ತರಗತಿಯವರೆಗೆ

ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯಂಥ ಗಡಿಭಾಗದ ಊರಿನಿಂದ ಸರಕಾರಿ ಬಸ್ಸಿನಲ್ಲಿ ನಗರದ ಕಾಲೇಜಿಗೆ ಬರುವ ವಿದ್ಯಾರ್ಥಿನಿಗೆ ಮನೋರೋಗ ಹೊಸ ವಿಷಯವಾಗಿರುವುದಿಲ್ಲ. ತಲೆ ಕೆಟ್ಟಿದೆ, ಗಾಳಿ ಬಡಿದಿದೆ, ಯಾರೋ ಮಾಡಿಸಿದ್ದಾರೆ ಎಂಬ ಮಾತುಗಳನ್ನು ಕನ್ನಡದಲ್ಲೂ ತೆಲುಗಿನಲ್ಲೂ ಕೇಳುತ್ತಲೇ ಅವಳು ಬೆಳೆದಿರುತ್ತಾಳೆ. ಊರಿನಲ್ಲಿ ಯಾವ ಮನೆಯ ಸೊಸೆಯನ್ನು ಯಾವ ದೇವರಿಗೆ, ಯಾವ ದರ್ಗಾಕ್ಕೆ ಕರೆದೊಯ್ದರು, ಎಷ್ಟು ಅಮಾವಾಸ್ಯೆ ಕೂರಿಸಿದರು ಎಂಬುದೂ ಅವಳಿಗೆ ತಿಳಿದಿರುತ್ತದೆ. ತಿಳಿಯದಿರುವುದು, ಇದನ್ನು ತರಗತಿಯಲ್ಲಿ ಯಾವ ಮಾತಿನಲ್ಲಿ ಹೇಳಬೇಕೆಂಬುದು.

1956ರವರೆಗೆ ರಾಯಚೂರು ಹೈದರಾಬಾದ್ ಸಂಸ್ಥಾನದ, ಅನಂತರ ಹೈದರಾಬಾದ್ ರಾಜ್ಯದ ಭಾಗವಾಗಿದ್ದುದರಿಂದ ಈ ಸೀಮೆಯವರಿಗೆ ಮಾನಸಿಕ ಆಸ್ಪತ್ರೆ ಎಂದರೆ ಒಂದು ಕಡೆ ಹೈದರಾಬಾದಿನ ಎರ್ರಗಡ್ಡ, ಇನ್ನೊಂದು ಕಡೆ 1845ರಷ್ಟು ಹಿಂದೆಯೇ ಆರಂಭವಾದ ಧಾರವಾಡದ ಆಸ್ಪತ್ರೆ. ಎರಡೂ ದೂರ. ಅಲ್ಲಿಗೆ ಹೋಗಿಬಂದವರೆಂಬ ಹೆಸರು ಮಾತ್ರ ಊರು ತಲುಪಲು ತಡವಾಗುತ್ತಿರಲಿಲ್ಲ. ಆ ಊರುಗಳ ಹೆಸರೇ ಬೈಗುಳವಾಗಿ ಬಳಕೆಗೆ ಬಂತು.

ಇಲ್ಲಿಯೇ ಕಾದಂಬರಿ ಕೈಹಿಡಿಯುತ್ತದೆ. ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ಊರುಗಳ ಮಕ್ಕಳು ಕೂತ ತರಗತಿಯಲ್ಲಿ, ನಿಮಗೆ ಗೊತ್ತಿರುವ ಒಂದು ಉದಾಹರಣೆ ಹೇಳಿ ಎಂದು ಉಪನ್ಯಾಸಕರು ಕೇಳಿದರೆ ಯಾವುದೋ ಕುಟುಂಬದ ಮಾನ ಬೀದಿಗೆ ಬರುತ್ತದೆ. ಹೇಳಲಾರದೆ ತಲೆ ತಗ್ಗಿಸಿದವರ ಮನೆಯ ನೋವು ತಗ್ಗಿದ ತಲೆಯಿಂದಲೇ ಬಯಲಾಗುತ್ತದೆ. ಕಾವೇರಿಯ ಗುಟ್ಟು ಕಾಯಬೇಕಾದ ಅಗತ್ಯ ಯಾರಿಗೂ ಇಲ್ಲ. ಅವಳ ಬಗ್ಗೆ ಜೋರಾಗಿ ವಾದಿಸಬಹುದು, ಅವಳ ಗಂಡನನ್ನು ಬೈಯಬಹುದು, ತಾನು ಆ ಮನೆಯಲ್ಲಿದ್ದರೆ ಏನು ಮಾಡುತ್ತಿದ್ದೆನೆಂದು ಕೇಳಿಕೊಳ್ಳಬಹುದು. ತನ್ನ ಅಕ್ಕನ ಬಗ್ಗೆ ಮಾತಾಡಲಾಗದ ಹುಡುಗಿ ಕಾವೇರಿಯ ಬಗ್ಗೆ ಮಾತಾಡುತ್ತಲೇ ಅಕ್ಕನ ಬಗ್ಗೆ ಯೋಚಿಸುತ್ತಾಳೆ.

ಈ ಸೀಮೆಯ ಮನೋವಿಜ್ಞಾನದ ತರಗತಿ ಬಿ.ಎ. ಪದವಿಗಷ್ಟೇ ಸೀಮಿತವಲ್ಲ ಎಂಬುದನ್ನೂ ಗಮನಿಸಬೇಕು. ಪದವಿಪೂರ್ವ ಹಂತದಲ್ಲಿ ಅದು ಐಚ್ಛಿಕ ವಿಷಯ, ಬಿ.ಎಡ್. ಓದುವ ಪ್ರತಿಯೊಬ್ಬರೂ ಶೈಕ್ಷಣಿಕ ಮನೋವಿಜ್ಞಾನ ಓದಲೇಬೇಕು. ನರ್ಸಿಂಗ್ ಪದವಿಯಲ್ಲಿ ಮನೋವಿಜ್ಞಾನದ ಜತೆಗೆ ಮಾನಸಿಕ ಆರೋಗ್ಯ ಶುಶ್ರೂಷೆಯೂ ಒಂದು ವಿಷಯ. ದೇವದುರ್ಗದ ಶಾಲೆಯೊಂದರಲ್ಲಿ ಮಂಕಾಗಿ ಕೂತ ಮಗುವನ್ನು ಮೊದಲು ನೋಡುವುದು ಮನೋವೈದ್ಯರಲ್ಲ, ಶಿಕ್ಷಕರು. ತಂದೆತಾಯಿ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗಿ ಅಜ್ಜಿಯ ಬಳಿ ಉಳಿದ ಮಗುವಿನ ಮೌನವನ್ನು ಸೋಮಾರಿತನವೆಂದು ಬಗೆಯದಿರುವ ಕಣ್ಣು ಆ ಶಿಕ್ಷಕರಿಗೆ ಬೇಕು. ವ್ಯಾಖ್ಯಾನಗಳನ್ನು ಬಾಯಿಪಾಠ ಮಾಡಿದ್ದರಿಂದಷ್ಟೇ ಆ ಕಣ್ಣು ಬರುವುದಿಲ್ಲ.

ಭಾಷೆಯ ತೊಡಕೂ ಇದೆ. ರೋಗಿಯ ಹಿನ್ನೆಲೆ, ಲಕ್ಷಣ, ಚಿಕಿತ್ಸೆಯನ್ನು ಕ್ರಮವಾಗಿ ದಾಖಲಿಸುವ ಪ್ರಕರಣ ವರದಿಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಕನ್ನಡದ ಪಠ್ಯಗಳು ಭಾರವಾದ ಪಾರಿಭಾಷಿಕ ಪದಗಳ ಕೆಳಗೆ ನಲುಗುತ್ತವೆ. ಈ ಕೊರತೆಯನ್ನು ತುಂಬಲು ದುಡಿದವರೂ ಇದ್ದಾರೆ: ಹಾಸ್ಯಪತ್ರಿಕೆ ‘ಕೊರವಂಜಿ’ಯ ‘ರಾಶಿ’ ಎಂದೇ ಹೆಸರಾದ ವೈದ್ಯ ಡಾ. ಎಂ. ಶಿವರಾಂ ಮನೋವೈದ್ಯಕೀಯದ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಸಾಮಾನ್ಯ ಓದುಗರಿಗಾಗಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಆದರೆ ರೋಗ ಅನುಭವಿಸುವವಳ ಒಳಗಿನಿಂದ ಹೊರಡುವ ದನಿಗೆ ಕನ್ನಡದಲ್ಲಿ ಕತೆ ಕಾದಂಬರಿಗಳೇ ಈಗಲೂ ದೊಡ್ಡ ಆಕರ.

ಪೆಟ್ಟಿಗೆ: ತುಂಗಭದ್ರೆಯ ಆಚೆ ದಂಡೆಯ ಪ್ರಯೋಗ

ಮನೋರೋಗಕ್ಕೆ ದೂರದ ದೊಡ್ಡ ಆಸ್ಪತ್ರೆಯೊಂದೇ ಗತಿಯಲ್ಲ ಎಂದು ದೇಶಕ್ಕೆ ತೋರಿಸಿದ್ದು ರಾಯಚೂರಿನ ನೆರೆಯ ಬಳ್ಳಾರಿ ಜಿಲ್ಲೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದ ಬಳಿಕ, ನಿಮ್ಹಾನ್ಸ್ 1985ರಿಂದ ಸುಮಾರು 20 ಲಕ್ಷ ಜನರಿದ್ದ ಆ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಸಾಮಾನ್ಯ ಮನೋರೋಗಗಳ ಚಿಕಿತ್ಸೆಯನ್ನು ಹಳ್ಳಿಯ ಸಮೀಪಕ್ಕೆ ತಂದಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಈ ಪ್ರಯೋಗದ ಮೇಲೆಯೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಹಬ್ಬಿತು. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6 ಮಂದಿಗೆ ಯಾವುದಾದರೂ ಮಾನಸಿಕ ಕಾಯಿಲೆ ಇತ್ತು. ರೋಗಕ್ಕೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಕರ್ನಾಟಕ ಆ 12 ರಾಜ್ಯಗಳಲ್ಲಿ ಸೇರಿರಲಿಲ್ಲ.

ಪುಟ ತೆರೆದು ಓದುವ ಬಗೆ

ಕಾದಂಬರಿಯನ್ನು ಪಾಠವಾಗಿಸುವುದೆಂದರೆ ಪಾತ್ರಕ್ಕೆ ರೋಗದ ಚೀಟಿ ಅಂಟಿಸುವುದೆಂದು ಹಲವು ಕಡೆ ತಿಳಿದಿದ್ದಾರೆ. ಕಾವೇರಿಗೆ ಇಂಥ ರೋಗ, ಲಕ್ಷಣಗಳು ಇಷ್ಟು, ಅಂಕ ಹತ್ತು ಎಂದು ಮುಗಿಸಿದರೆ ಪಠ್ಯಪುಸ್ತಕದಿಂದ ಆಗದ ಕೆಲಸ ಕಾದಂಬರಿಯಿಂದಲೂ ಆಗುವುದಿಲ್ಲ.

ಹೆಚ್ಚು ಫಲ ಕೊಡುವ ಓದು ಬೇರೆ. ಕಾವೇರಿ ಮನೆಗೆ ಮರಳಿದ ನಂತರದ ಪುಟಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಅವಳ ಮಾತುಗಳನ್ನು ಬದಿಗಿಟ್ಟು, ಸುತ್ತಲಿನವರು ಆಡಿದ ಮಾತು, ಮಾಡಿದ ಸನ್ನೆ, ಹಿಂತೆಗೆದುಕೊಂಡ ಹೊಣೆ ಇವನ್ನು ಮಾತ್ರ ವಿದ್ಯಾರ್ಥಿಗಳಿಂದ ಬರೆಸಬೇಕು. ಆ ಪಟ್ಟಿಯ ಪಕ್ಕದಲ್ಲಿ, ಯಾರ ಹೆಸರೂ ಹೇಳದೆ, ತಮ್ಮ ಸೀಮೆಯ ಮನೆಗಳಲ್ಲಿ ಇಂಥದ್ದು ಹೇಗೆ ನಡೆಯುತ್ತದೆಂದು ಬರೆಯಲು ಹೇಳಬೇಕು: ಈಳಿಗೆ, ಬೆಂಕಿಪೊಟ್ಟಣ ಅಡಗಿಸಿಡುವುದು, ಕೂಸನ್ನು ಅವಳ ಬಳಿ ಒಂಟಿಯಾಗಿ ಬಿಡದಿರುವುದು, ಬಂದವರಿಗೆ ಕಾಣಬಾರದೆಂದು ಗುಳಿಗೆಯ ಪಟ್ಟಿಯನ್ನು ಜೋಳದ ಡಬ್ಬಿಯಲ್ಲಿ ಹೂತಿಡುವುದು, ಮದುವೆಮನೆಗೆ ಎಲ್ಲರೂ ಹೊರಟಾಗ ಅವಳನ್ನು ಮನೆ ಕಾಯಲು ಬಿಡುವುದು, ಅವಳ ತಂಗಿಗೆ ಗಂಡು ನೋಡುವಾಗ ಅವಳ ಸುದ್ದಿಯನ್ನೇ ಎತ್ತದಿರುವುದು.

ಬರೆದಾದ ಮೇಲೆ ಕೇಳಬೇಕಾದ ಪ್ರಶ್ನೆ, ಇವುಗಳಲ್ಲಿ ಯಾವುದು ಕಾಳಜಿ, ಯಾವುದು ಶಿಕ್ಷೆ ಎಂಬುದು. ರೋಗ ತೀವ್ರವಾಗಿದ್ದಾಗ ಕೂಸನ್ನು ನೋಡಿಕೊಳ್ಳಲು ಇನ್ನೊಬ್ಬರಿರುವುದು ಅಗತ್ಯದ ಎಚ್ಚರ. ಗುಣವಾಗಿ ವರ್ಷ ಕಳೆದರೂ ಹಾಗೆಯೇ ನಡೆದುಕೊಂಡರೆ ಅದು ಕಳಂಕ. ‘ಕಳಂಕ’ ಎಂದರೆ ಒಬ್ಬರಿಗೆ ಬಂದ ರೋಗವನ್ನು ಅವರ ಇಡೀ ವ್ಯಕ್ತಿತ್ವಕ್ಕೆ ಹಚ್ಚಿದ ಮಸಿಯಾಗಿ ಕಾಣುವ ಸಾಮಾಜಿಕ ನಡವಳಿಕೆ ಎಂಬ ವ್ಯಾಖ್ಯಾನವನ್ನು ಉಪನ್ಯಾಸಕರು ಆಗ ಹೇಳಿದರೆ ಅದು ಯಾರಿಗೂ ಮರೆಯುವುದಿಲ್ಲ.

ಹೀಗೆ ಓದಿದ ಮೇಲೆ ಕಾನೂನಿನ ಪಾಠವೂ ತಾನಾಗಿ ಬರುತ್ತದೆ. ಬೇಡವಾದ ಕಾವೇರಿಗೆ ಆಸ್ಪತ್ರೆಯೇ ಕೊನೆಯ ನೆಲೆಯಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಾದರೋ, ಕುಟುಂಬ ಒಪ್ಪಿಕೊಳ್ಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ, ಸಮಾಜದ ನಡುವೆ ಬದುಕುವುದು ಅವರ ಹಕ್ಕು ಎಂದು ವಿಧಿಸುತ್ತದೆ. ಕಾದಂಬರಿ ಬರೆದ ಅರ್ಧ ಶತಮಾನದ ನಂತರ ಬಂದ ಈ ಕಲಮಿನ ಅರ್ಥ ಕಾವೇರಿಯನ್ನು ಓದಿದವರಿಗೆ ಆಗುವಷ್ಟು ಬೇರೆಯವರಿಗೆ ಆಗಲಾರದು.

ಮಾನ್ವಿಯ ನೆಲದಿಂದ ಒಂದು ಕತೆ

ತ್ರಿವೇಣಿಯವರ ಲೋಕ ಮೈಸೂರು, ಬೆಂಗಳೂರಿನ ಮಧ್ಯಮವರ್ಗದ ಮನೆ. ರಾಯಚೂರಿನ ವಿದ್ಯಾರ್ಥಿಗೆ ತನ್ನ ಮಣ್ಣಿನ ಕತೆಯೂ ಬೇಕು. ಅದು ಸಿಗುವುದು ಮಾನ್ವಿ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ಅಮರೇಶ ನುಗಡೋಣಿಯವರ ‘ಸವಾರಿ’ಯಲ್ಲಿ. ಇದು ಕಾದಂಬರಿಯಲ್ಲ, ಕತೆ. ಗಿರೀಶ ಕಾಸರವಳ್ಳಿಯವರು ಇದನ್ನು ಆಧರಿಸಿ 2010ರಲ್ಲಿ ‘ಕನಸೆಂಬೋ ಕುದುರೆಯನೇರಿ’ ಚಿತ್ರ ಮಾಡಿದರು.

ಆ ಚಿತ್ರದ ಈರ್ಯಾ ಊರಿನ ಹೆಣಗಳಿಗೆ ಗುಂಡಿ ತೋಡುವವನು. ಕುದುರೆ ಏರಿದ ಸಿದ್ಧ ಕನಸಿನಲ್ಲಿ ಬಂದರೆ ಊರಿನಲ್ಲಿ ಒಂದು ಸಾವು ಖಂಡಿತ ಎಂದು ಅವನು ನಂಬಿದ್ದಾನೆ. ನಂಬಿಕೆ ಎಂದೂ ಸುಳ್ಳಾಗಿಲ್ಲ. ಹಾಗೊಮ್ಮೆ ಕನಸು ಬಿದ್ದಾಗ ದೊಡ್ಡಮನೆಯ ಹಿರಿಯ ತೀರಿಕೊಂಡಿದ್ದರೂ ಮನೆಯವರು ತಮ್ಮ ಕಾರಣಗಳಿಗಾಗಿ ಸಾವನ್ನು ಮುಚ್ಚಿಡುತ್ತಾರೆ. ಯಾರೂ ಸತ್ತಿಲ್ಲ ಎಂಬ ಮಾತು ಕೇಳಿದ ಈರ್ಯಾ ತನ್ನ ಕನಸನ್ನೂ, ಆಮೇಲೆ ತನ್ನನ್ನೂ ಶಂಕಿಸತೊಡಗುತ್ತಾನೆ.

ಮನೋವಿಜ್ಞಾನದಲ್ಲಿ ‘ಭ್ರಮೆ’ ಎಂದರೆ, ಎಷ್ಟೇ ಪುರಾವೆ ಎದುರಿಗಿಟ್ಟರೂ ಅಲುಗದ, ಆ ವ್ಯಕ್ತಿಯ ಸಮುದಾಯವೂ ಹಂಚಿಕೊಳ್ಳದ ಸುಳ್ಳು ನಂಬಿಕೆ. ಈರ್ಯಾನ ನಂಬಿಕೆ ಈ ವ್ಯಾಖ್ಯಾನದೊಳಗೆ ಬರುತ್ತದೆಯೇ? ಅವನ ಕೇರಿ ಅದನ್ನು ಹಂಚಿಕೊಳ್ಳುತ್ತದೆ. ಪುರಾವೆ ಎದುರಾದಾಗ ಅವನು ಅಲುಗುತ್ತಾನೆ. ಆ ಪುರಾವೆಯೇ ಉಳ್ಳವರು ಕಟ್ಟಿದ ಸುಳ್ಳು. ಒಬ್ಬ ಬಡವನ ಮನಸ್ಸು ಕದಡಿದ್ದಕ್ಕೆ ಕಾರಣ ಅವನ ತಲೆಯೊಳಗೇ ಇರಬೇಕೆಂದಿಲ್ಲ, ಊರಿನ ಅಧಿಕಾರದಲ್ಲೂ ಇರಬಹುದು ಎಂಬುದನ್ನು ಇಷ್ಟು ಚೊಕ್ಕವಾಗಿ ತೋರಿಸುವ ಪಾಠ ಇನ್ನೊಂದಿಲ್ಲ.

ಯಲ್ಲಮ್ಮನ ಜಾತ್ರೆಗಳಲ್ಲಿ ಮೈಮೇಲೆ ದೇವಿ ಬರುವುದನ್ನು ಕಂಡು ಬೆಳೆದ ಮಕ್ಕಳಿಗೆ ಇದೇ ಎಳೆಯನ್ನು ಮುಂದುವರಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 2022ರಿಂದ ಜಾರಿಯಲ್ಲಿರುವ 11ನೆಯ ಆವೃತ್ತಿ ‘ಆವೇಶ’ದ ಸ್ಥಿತಿಯನ್ನು ಕಾಯಿಲೆಯೆಂದು ಗುರುತಿಸುವಾಗ, ಸಮುದಾಯದ ಆಚರಣೆಯ ಭಾಗವಾಗಿ ಬಂದುಹೋಗುವ ಆವೇಶವನ್ನು ಅದರಿಂದ ಹೊರಗಿಡುತ್ತದೆ. ಬೇಡವೆಂದರೂ ಬರುವ, ಬದುಕನ್ನು ಕೆಡಿಸುವ, ಆಚರಣೆಯ ಹೊರಗಿನ ಆವೇಶ ಮಾತ್ರ ಕಾಯಿಲೆ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಅಜ್ಜಿ, ವಸ್ತುವೊಂದನ್ನು ಮುಟ್ಟಿದರೆ ಅದರ ಹಿಂದಿನ ಕಾಲವನ್ನೇ ಕಾಣುವವಳು, ಈ ಚರ್ಚೆಗೆ ಹೇಳಿ ಮಾಡಿಸಿದ ಪಾತ್ರ.

ಯಶವಂತ ಚಿತ್ತಾಲರ ‘ಶಿಕಾರಿ’ (1979) ಇದಕ್ಕಿಂತ ಕಠಿಣವಾದ ಪರೀಕ್ಷೆ ಒಡ್ಡುತ್ತದೆ. ಮುಂಬಯಿಯ ಕಂಪನಿಯೊಂದರಲ್ಲಿ ಅಮಾನತಾದ ನಾಗಪ್ಪ ತನ್ನ ವಿರುದ್ಧ ಸಂಚು ನಡೆದಿದೆಯೆಂದು ನಂಬುತ್ತಾನೆ. ಸಂಚು ನಿಜವಾಗಿಯೂ ನಡೆದಿರುತ್ತದೆ. ಆದರೂ ಅವನ ಭಯ ಆ ಸಂಚಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ರೋಗಿ ಹೇಳಿದ್ದೆಲ್ಲ ಭ್ರಮೆಯೆಂದು ತಳ್ಳಿಹಾಕುವ ದುಡುಕಿಗೆ ಈ ಕಾದಂಬರಿ ಮದ್ದು.

ಪುಸ್ತಕವನ್ನೇ ನಂಬಿದರೆ ಆಗುವ ಅಪಾಯ

ಕಾದಂಬರಿಯಿಂದ ರೋಗ ಕಲಿಯುವ ಪದ್ಧತಿ ಹೊಸದಲ್ಲ. ಫ್ರಾಯ್ಡ್ 1907ರಲ್ಲಿಯೇ ಯೆನ್ಸೆನ್ ಎಂಬ ಜರ್ಮನ್ ಲೇಖಕನ ‘ಗ್ರಾಡಿವಾ’ ಕಥನವನ್ನು ಹಿಡಿದು ನಾಯಕನ ಭ್ರಮೆಯನ್ನು ವಿಶ್ಲೇಷಿಸಿದ. ಅಮೆರಿಕದಲ್ಲಿ ಜೋನ್ ಗ್ರೀನ್‌ಬರ್ಗ್ ತಾನು ಪಡೆದ ಚಿಕಿತ್ಸೆಯನ್ನು ಆಧರಿಸಿ 1964ರಲ್ಲಿ ಬೇರೆ ಹೆಸರಿನಲ್ಲಿ ಪ್ರಕಟಿಸಿದ ‘ಐ ನೆವರ್ ಪ್ರಾಮಿಸ್ಡ್ ಯು ಎ ರೋಸ್ ಗಾರ್ಡನ್’ ತಲೆಮಾರುಗಳ ವಿದ್ಯಾರ್ಥಿಗಳಿಗೆ ಪಠ್ಯವಾಯಿತು. ನಮ್ಮಲ್ಲೇ ಜೆರ್ರಿ ಪಿಂಟೊ 2012ರಲ್ಲಿ ಇಂಗ್ಲಿಷಿನಲ್ಲಿ ಬರೆದ ‘ಎಮ್ ಅಂಡ್ ದ ಬಿಗ್ ಹೂಮ್’, ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ತಾಯಿಯೊಬ್ಬಳನ್ನು ಮಗನ ಕಣ್ಣಿನಿಂದ ತೋರಿಸಿತು.

ಆದರೆ ಕಾದಂಬರಿ ಓದಿದರೆ ಸಾಕು, ಪರರ ಮನಸ್ಸು ತಿಳಿದುಬಿಡುತ್ತದೆ ಎಂಬ ಹಿಗ್ಗು ಬೇಡ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಕಿಡ್ ಮತ್ತು ಕಸ್ಟಾನೊ ಅವರ ಅಧ್ಯಯನ, ಸಾಹಿತ್ಯಕೃತಿಯ ಸ್ವಲ್ಪ ಹೊತ್ತಿನ ಓದೇ ಇತರರ ಭಾವನೆ ಗುರುತಿಸುವ ಶಕ್ತಿಯನ್ನು ಹೆಚ್ಚಿಸುತ್ತದೆಂದು ಹೇಳಿ ಜಗತ್ತಿನ ಗಮನ ಸೆಳೆಯಿತು. ಮುಂದೆ ಬೇರೆ ಸಂಶೋಧಕರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ. ಕೆಲಸ ಮಾಡುವುದು ಪುಸ್ತಕವೊಂದೇ ಅಲ್ಲ. ಅದರ ಸುತ್ತ ನಡೆಯುವ ಮಾತು, ಅದನ್ನು ನಡೆಸುವ ಉಪನ್ಯಾಸಕರ ಸಿದ್ಧತೆ.

ಆ ಸಿದ್ಧತೆಯಲ್ಲಿ ಮೊದಲನೆಯದು, ಕೃತಿ ಬರೆದ ಕಾಲದ ವೈದ್ಯಕೀಯವನ್ನು ಇಂದಿನದರಿಂದ ಬೇರ್ಪಡಿಸುವುದು. ಚಿತ್ತವಿಕಲತೆಗೆ ಪರಿಣಾಮಕಾರಿಯಾದ ಮೊದಲ ಔಷಧ ಕ್ಲೋರ್‌ಪ್ರೋಮಜೀನ್ ಬಳಕೆಗೆ ಬಂದದ್ದೇ 1952ರಲ್ಲಿ. ಹಳೆಯ ಕಾದಂಬರಿ, ಸಿನಿಮಾಗಳಲ್ಲಿ ಜನ ಕಂಡು ಬೆದರಿದ ‘ಕರೆಂಟ್ ಶಾಕ್’ ಇಂದು ಅರಿವಳಿಕೆಯೂ ಸ್ನಾಯು ಸಡಿಲಿಸುವ ಔಷಧವೂ ಇಲ್ಲದೆ ಕೊಡುವುದು 2017ರ ಕಾಯ್ದೆಯಲ್ಲಿ ನಿಷಿದ್ಧ. ಇದನ್ನು ಹೇಳದೆ ‘ಶರಪಂಜರ’ ಓದಿಸಿದರೆ, ಆಸ್ಪತ್ರೆಯ ಹೆದರಿಕೆ ಇನ್ನೊಂದು ತಲೆಮಾರಿಗೆ ದಾಟುತ್ತದೆ.

ಎರಡನೆಯದು ಆತ್ಮಹತ್ಯೆಯ ವಿಷಯ. ಗಯಟೆಯ 1774ರ ‘ವೆರ್ಥರ್’ ಕಾದಂಬರಿಯ ನಂತರ ಅನುಕರಣೆಯ ಸಾವುಗಳಾದವೆಂಬ ಸುದ್ದಿ ಹಬ್ಬಿ ಹಲವೆಡೆ ಅದನ್ನು ನಿಷೇಧಿಸಿದ್ದರು. ಸುದ್ದಿ, ಕತೆಗಳಿಂದ ಹುಟ್ಟುವ ಅನುಕರಣೆಗೆ ಅದೇ ಹೆಸರನ್ನು 1974ರಲ್ಲಿ ಡೇವಿಡ್ ಫಿಲಿಪ್ಸ್ ಎಂಬ ಸಮಾಜಶಾಸ್ತ್ರಜ್ಞ ಕೊಟ್ಟ. ಬೆಳೆ ಸಾಲ, ಪರೀಕ್ಷೆಯ ಸೋಲು ಎರಡನ್ನೂ ಹತ್ತಿರದಿಂದ ಕಂಡ ಮಕ್ಕಳ ಮುಂದೆ ಅಂಥ ಪುಟಗಳನ್ನು ಗಟ್ಟಿಯಾಗಿ ಓದಕೂಡದು. ಓದಲೇಬೇಕಾದರೆ ನೆರವಿನ ದಾರಿಯನ್ನು ಮೊದಲು ಹೇಳಿರಬೇಕು.

ಎಸ್. ಎಲ್. ಭೈರಪ್ಪನವರ ‘ಅಂಚು’ (1990) ಕಾದಂಬರಿಯನ್ನು ಓದಿಸುವಾಗ ಈ ಎಚ್ಚರ ಇಮ್ಮಡಿ ಬೇಕು. ಸಾಯುವ ಯೋಚನೆ ಮರಳಿ ಮರಳಿ ಬರುವ ಅಮೃತಾಳನ್ನೂ, ಅವಳನ್ನು ತಾಳ್ಮೆಯಿಂದ ಹಿಡಿದು ನಿಲ್ಲಿಸಲು ಹೆಣಗುವ ಸೋಮಶೇಖರನನ್ನೂ ಅದು ಹತ್ತಿರದಿಂದ ತೋರಿಸುತ್ತದೆ. ಆರೈಕೆ ಮಾಡುವವರು ಹೇಗೆ ದಣಿಯುತ್ತಾರೆಂದು ಕಲಿಯಲು ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ. ಆದರೆ ಪ್ರೀತಿಯೊಂದಿದ್ದರೆ ಸಾಕು, ವೈದ್ಯರು ಬೇಕಿಲ್ಲ ಎಂಬ ತೀರ್ಮಾನಕ್ಕೆ ಎಳೆಯ ಓದುಗರು ಬಂದುಬಿಡಬಾರದು; ತೀವ್ರ ಖಿನ್ನತೆಗೆ ಚಿಕಿತ್ಸೆ ಬೇಕು, ಪ್ರೀತಿ ಅದರ ಜತೆಗಿರಬೇಕು.

ಮೂರನೆಯದು, ದುರಂತದಲ್ಲಿ ಮುಗಿಯುವ ಕತೆಯನ್ನು ರೋಗದ ಹಣೆಬರಹವೆಂದು ಬಗೆಯದಂತೆ ನೋಡಿಕೊಳ್ಳುವುದು. ಕಾವೇರಿ ಮರಳಿ ಆಸ್ಪತ್ರೆ ಸೇರಿದ್ದು ಅವಳ ರೋಗ ವಾಸಿಯಾಗದ ಜಾತಿಯದೆಂಬ ಕಾರಣಕ್ಕಲ್ಲ. ಸರಿಯಾದ ಚಿಕಿತ್ಸೆ ಪಡೆದ ಬಾಣಂತಿಯರು ಚೇತರಿಸಿಕೊಂಡು ಮಕ್ಕಳನ್ನು ಬೆಳೆಸುತ್ತಾ ಬದುಕುತ್ತಾರೆ. ಅವರ ಬದುಕಿನಲ್ಲಿ ನಾಟಕೀಯವಾದದ್ದು ಏನೂ ಇಲ್ಲದಿರುವುದರಿಂದ ಅವರ ಬಗ್ಗೆ ಯಾರೂ ಕಾದಂಬರಿ ಬರೆಯುವುದಿಲ್ಲ.

ಪೆಟ್ಟಿಗೆ: ನೆರವು ಎಲ್ಲಿ?

ಟೆಲಿ ಮಾನಸ್ ಸಹಾಯವಾಣಿ 14416. 2022ರ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾದ ಈ ಉಚಿತ ಸೇವೆ ಹಗಲು ರಾತ್ರಿ ಲಭ್ಯ. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ವಿಚಾರಣೆಗೆ ಒಳಪಡಿಸಿ ಶಿಕ್ಷಿಸಬಾರದು ಎಂದು 2017ರ ಕಾಯ್ದೆಯ 115ನೆಯ ಕಲಂ ಹೇಳುತ್ತದೆ. ಆದ್ದರಿಂದ ಕೇಸಾದೀತೆಂಬ ಹೆದರಿಕೆಯಿಂದ ಆಸ್ಪತ್ರೆಗೆ ಒಯ್ಯಲು ತಡಮಾಡುವ ಕಾರಣವಿಲ್ಲ.

ಗ್ರಂಥಾಲಯದ ಕಪಾಟಿನಿಂದ ಪಠ್ಯಕ್ರಮಕ್ಕೆ

‘ಶರಪಂಜರ’ ಅಪರೂಪದ ಪುಸ್ತಕವಲ್ಲ. ಅಂಗಡಿಯಲ್ಲೂ ಸಾರ್ವಜನಿಕ ಗ್ರಂಥಾಲಯಗಳಲ್ಲೂ ಸಿಗುವಂಥದು. ಅದನ್ನು ತರಗತಿಗೆ ತರಲು ಕಟ್ಟಡ ಬೇಕಿಲ್ಲ, ಉಪಕರಣ ಬೇಕಿಲ್ಲ, ವಿಶೇಷ ಅನುದಾನವೂ ಬೇಕಿಲ್ಲ. ಕನ್ನಡ ವಿಭಾಗದ ಅಧ್ಯಾಪಕರೂ ಮನೋವಿಜ್ಞಾನದ ಅಧ್ಯಾಪಕರೂ ಒಂದೇ ಮೇಜಿನ ಎರಡು ಬದಿಗೆ ಕೂತು, ಒಬ್ಬರು ಕಥನವನ್ನೂ ಇನ್ನೊಬ್ಬರು ರೋಗದ ತಿಳಿವಳಿಕೆಯನ್ನೂ ಹೊತ್ತು ಕೆಲವು ಗಂಟೆಗಳ ಪಾಠವನ್ನು ಹಂಚಿಕೊಂಡರೆ ಸಾಕು. ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರೊಬ್ಬರು ಕೊನೆಯ ಪಾಠಕ್ಕೆ ಬಂದು ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ, ಕಾದಂಬರಿಯ ಕಾಲಕ್ಕೂ ಇಂದಿನ ಚಿಕಿತ್ಸೆಗೂ ನಡುವಿನ ಅಂತರ ಅಲ್ಲಿಯೇ ತುಂಬುತ್ತದೆ.

ತ್ರಿವೇಣಿ ಹುಟ್ಟಿ 2028ರ ಸೆಪ್ಟೆಂಬರ್ 1ಕ್ಕೆ 100 ವರ್ಷ. ಅಂದು ಹಾರ, ಭಾಷಣ, ವಿಚಾರ ಸಂಕಿರಣಗಳು ರಾಜ್ಯದೆಲ್ಲೆಡೆ ನಡೆಯಬಹುದು. ರಾಯಚೂರಿನ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯೂ ದೇವದುರ್ಗ, ಮಾನ್ವಿ, ರಾಯಚೂರಿನ ಬಿ.ಎಡ್., ನರ್ಸಿಂಗ್ ಕಾಲೇಜುಗಳೂ ಅದಕ್ಕೆ ಮೊದಲೇ ‘ಶರಪಂಜರ’ವನ್ನೂ ‘ಸವಾರಿ’ಯನ್ನೂ ಮನೋವಿಜ್ಞಾನದ ಓದಿನ ಪಟ್ಟಿಗೆ ಸೇರಿಸಲಿ.